ಬಣ್ಣಗಾರರ ಬೀದಿಯ ನೀರು

ನಗರ ಯೋಜನಾ ಕಚೇರಿಯ ಮೂರನೆಯ ಮಹಡಿಯಲ್ಲಿ ಇಪ್ಪತ್ತೆಂಟು ವರ್ಷ ನಕ್ಷೆ ಬರೆದವಳನ್ನು ಎಲ್ಲರೂ ನಕ್ಷೆ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ಗುಮಾಸ್ತರಿಗೂ ಅವಳು ಅಕ್ಕನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅವಳ ಕೈತಪ್ಪಿನಿಂದ ಒಂದು ಓಣಿ ಹಾಳೆಯಿಂದ ಬಿಟ್ಟುಹೋಗಿ, ಆ ಓಣಿಯ ಕಂಬಗಳಿಗೆ ಆ ವರ್ಷ ದೀಪವೇ ಮಂಜೂರಾಗಿರಲಿಲ್ಲ. ಹೊಸಬರು ಯಾರೇ ಬಂದರೂ ಗುಮಾಸ್ತರು ಈ ಕತೆ ಹೇಳಿ, ಅಕ್ಕನಿಗೆ ಸಿಟ್ಟು ತರಿಸಬೇಡಿ, ನಿಮ್ಮ ಮನೆಯನ್ನೇ ಅಳಿಸಿಬಿಟ್ಟಾರು ಎಂದು ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು. ಆದರೆ ಅಂದಿನಿಂದ ಯಾವ ಹಾಳೆಯನ್ನೂ ಎರಡು ಸಲ ತಾಳೆ ನೋಡದೆ ಮೇಜು ಬಿಟ್ಟು ಎದ್ದವಳಲ್ಲ.

ಅವಳು ಸೇರಿದ ಎರಡನೆಯ ವರ್ಷ ಮೇಷ್ಟ್ರು ಬಂದರು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪಾಠ ಹೇಳುತ್ತಿದ್ದವರು. ಅದಕ್ಕೂ ಮುಂಚೆ ಹತ್ತು ವರ್ಷ ಕಾಡಿನಲ್ಲಿ ಗಿಡಮರಗಳ ಅಧ್ಯಯನ ಮಾಡಿದ್ದವರು. ಹೊಸ ನಗರ ಯೋಜನೆಗೆ ಸಲಹೆ ಕೊಡಲು ಅವರನ್ನು ಕರೆಸಿದ್ದರು. ಅವರ ತಲೆಯಲ್ಲಿದ್ದ ವಿಚಾರವನ್ನು ಬಣ್ಣದಲ್ಲಿ ಕಾಣಿಸುವ ಕೆಲಸ ನಕ್ಷೆ ಅಕ್ಕನ ಪಾಲಿಗೆ ಬಂತು.

ವಿಚಾರ ಕೇಳಲು ಸರಳವಾಗಿತ್ತು. ಸುಟ್ಟ ಕಾಡಿನಲ್ಲಿ ಮೊದಲು ಹುಲ್ಲು ಬರುತ್ತದೆ. ಹುಲ್ಲಿನ ನಡುವೆ ಪೊದೆ ಏಳುತ್ತದೆ, ಪೊದೆಯ ನೆರಳಲ್ಲಿ ಮರ. ಮರ ಬೆಳೆದಾಗ ಹುಲ್ಲು ಸಾಯುತ್ತದೆ. ಹುಲ್ಲಿನ ತಪ್ಪಲ್ಲ, ಮರದ ದ್ವೇಷವೂ ಅಲ್ಲ. ನಗರವೂ ಹಾಗೇ ಎನ್ನುತ್ತಿದ್ದರು ಮೇಷ್ಟ್ರು. ಒಂದು ಬೀದಿಗೆ ಕಸುಬಿನವರು ಬರುತ್ತಾರೆ, ಬೆಳೆಯುತ್ತಾರೆ, ಬಾಡುತ್ತಾರೆ. ಅವರ ಜಾಗಕ್ಕೆ ಗುಜರಿಯವರು, ಬಾಡಿಗೆಯವರು ನುಗ್ಗುತ್ತಾರೆ. ಅವರನ್ನು ಮುಂದೆ ಇನ್ಯಾರೋ ತಳ್ಳುತ್ತಾರೆ. ಇದನ್ನೆಲ್ಲ ಯಾರೂ ಕೂತು ತೀರ್ಮಾನಿಸುವುದಿಲ್ಲ, ತಾನಾಗಿ ಆಗುತ್ತದೆ.

ಈ ಮಾತಿಗೆ ಅವಳು ಐದು ಬಣ್ಣ ಹಚ್ಚಿದಳು. ಚಿಗುರುವ ಬಡಾವಣೆಗೆ ತಿಳಿಹಸಿರು, ತುಂಬಿದ ಪೇಟೆಗೆ ಕಡುಹಸಿರು, ಅಲುಗಾಡುವ ಜಾಗಕ್ಕೆ ಹಳದಿ, ಹೊಸಬರು ನುಗ್ಗಿದ ಕಡೆ ಕಂದು. ಎಲ್ಲ ಮುಗಿದು, ಕಾಯುತ್ತ ನಿಂತ ಜಾಗಕ್ಕೆ ಬೂದು. ಬಣ್ಣ ಬೆರೆಸುವುದರಲ್ಲಿ ಅವಳದು ಎತ್ತಿದ ಕೈ. ಮೇಷ್ಟ್ರು ಮೊದಲ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಹತ್ತು ವರ್ಷ ನಾನು ಹೇಳಿದ್ದನ್ನು ನೀವು ಒಂದು ಹಾಳೆಯಲ್ಲಿ ಹೇಳಿಬಿಟ್ಟಿರಿ ಎಂದಿದ್ದರು. ಆ ನಕ್ಷೆ ಅವರ ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಯಿತು. ಪುಸ್ತಕ ಏಳು ಸಲ ಮುದ್ರಣ ಕಂಡಿತು.

ಅವಳು ಅವರಿಗೆ ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಬೂದು ಹಚ್ಚಿದ ಜಾಗಗಳಲ್ಲಿ ನಡುವಿನದು ಬಣ್ಣಗಾರರ ಬೀದಿ. ಅವಳು ಹುಟ್ಟಿದ್ದು ಆ ಬೀದಿಯಲ್ಲಿ.

ಅವಳ ಅಪ್ಪ ಬಟ್ಟೆಗೆ ಬಣ್ಣ ಹಾಕುತ್ತಿದ್ದವನು. ಅವಳು ಚಿಕ್ಕವಳಿದ್ದಾಗ ಆ ಬೀದಿಯಲ್ಲಿ ನಲವತ್ತು ಮನೆಗಳ ಮುಂದೆ ನಲವತ್ತು ಬಣ್ಣದ ಬಾನಿಗಳು ಕುದಿಯುತ್ತಿದ್ದವು. ಅವಳಿಗೆ ಒಂಬತ್ತು ತುಂಬಿದ ವರ್ಷ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ಬೆಳಗ್ಗೆ ಒಂದು ಗಂಟೆ ಹೊತ್ತು ಬೆರಳ ಗಾತ್ರ ಬರುವುದು, ಕುಡಿಯಲು ಸಾಕಾಗುವುದು, ನಿಲ್ಲುವುದು. ಬಾವಿಯ ನೀರು ಉಪ್ಪು, ಅದರಲ್ಲಿ ಬಣ್ಣ ಹಿಡಿಯುತ್ತಿರಲಿಲ್ಲ. ಬೀದಿಯವರು ಮತ್ತೆ ಮತ್ತೆ ಅರ್ಜಿ ಹಿಡಿದು ಹೋದಾಗ ಕಚೇರಿಯವರು, ನಿಮ್ಮ ಬೀದಿ ದಿಬ್ಬದ ಮೇಲಿದೆ, ನೀರು ಹತ್ತುವುದಿಲ್ಲ ಎಂದರು. ಅಲ್ಲಿಯವರೆಗೆ ಹೇಗೆ ಹತ್ತುತ್ತಿತ್ತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೆಲವರು ಹೊಳೆಯ ಆಚೆ ಹೋದರು, ಕೆಲವರು ಗಿರಣಿ ಸೇರಿದರು. ಅಪ್ಪ ಮಾತ್ರ ಕೈಗಾಡಿಯಲ್ಲಿ ಪಕ್ಕದ ಪೇಟೆಯಿಂದ ನೀರು ತಂದು ಎರಡು ವರ್ಷ ಏಗಿದ. ಒಂದು ಸಲ ಬಟ್ಟೆ ಸರಿಯಾಗಿ ಜಾಲಿಸಲು ನೀರಿಲ್ಲದೆ ಅಂಗಡಿಯವರ ಇಡೀ ಸರಕು ಕಲೆಯಾಯಿತು. ಆಮೇಲೆ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ಅವನು ಬಾಗಿಲ ಬಳಿ ಕೂತ. ಕೂತವನು ಏಳಲಿಲ್ಲ. ಅಮ್ಮ ಅವನನ್ನು ಕೈಲಾಗದವನು ಎಂದು ಕರೆದಳು; ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವಳಿಗೆ ಹತ್ತೊಂಬತ್ತಾಗಿದ್ದಾಗ ತೀರಿಕೊಂಡ.

ಮೇಷ್ಟ್ರ ಮಾತು ಕೇಳಿದ ದಿನ ಅವಳ ಎದೆಯಿಂದ ಏನೋ ಇಳಿದಂತಾಗಿತ್ತು. ಅಪ್ಪ ಕೈಲಾಗದವನಾಗಿರಲಿಲ್ಲ, ಹುಲ್ಲಿನ ಸರದಿ ಮುಗಿದಿತ್ತು, ಅಷ್ಟೇ. ಯಾರ ತಪ್ಪೂ ಅಲ್ಲ. ಆ ಬೂದುಬಣ್ಣವನ್ನು ಅವಳು ಒಂದು ಬಗೆಯ ನೆಮ್ಮದಿಯಿಂದಲೇ ಹಚ್ಚಿದ್ದಳು.

ವರ್ಷಗಳು ಉರುಳಿದವು. ಸರ್ಕಾರಗಳು ಬಂದುಹೋದವು, ಪುಸ್ತಕ ಮಾತ್ರ ಎಲ್ಲರಿಗೂ ಹಿಡಿಸಿತು. ಒಬ್ಬ ನಿರ್ದೇಶಕರು, ತಾನಾಗಿ ಸಾಯುವ ಬೀದಿಗೆ ದುಡ್ಡು ಸುರಿಯುವುದೇಕೆ ಎಂದು ಅದನ್ನು ಉದಾಹರಿಸಿ ಚರಂಡಿ ಕೆಲಸ ನಿಲ್ಲಿಸಿದರು. ಅವರ ಮೇಲೆ ಹರಿಹಾಯ್ದು ಗೆದ್ದ ಪಕ್ಷದ ನಿರ್ದೇಶಕರು, ತಾನಾಗಿ ಸತ್ತ ಬೀದಿಯನ್ನು ತೆಗೆದರೆ ಯಾರಿಗೆ ನಷ್ಟ ಎಂದು ಅದೇ ಪುಟವನ್ನು ಓದಿದರು. ಕೊನೆಗೆ ಬಣ್ಣಗಾರರ ಬೀದಿಯನ್ನು ಪೂರ್ತಿ ತೆರವು ಮಾಡಿ ಅಗಲದ ರಸ್ತೆ ತರುವ ಕರಡು ಸಿದ್ಧವಾಯಿತು. ಕರಡಿನ ಹಾಳೆಗಳೂ ನಕ್ಷೆ ಅಕ್ಕನ ಮೇಜಿಗೇ ಬಂದವು. ಆ ಬೀದಿಯಲ್ಲಿ ಈಗ ಗುಜರಿ ಅಂಗಡಿಗಳು, ಎಲ್ಲಿಂದಲೋ ಬಂದ ಬಾಡಿಗೆಯವರು, ಹಳಬರ ಐದಾರು ಮನೆಗಳು ಉಳಿದಿದ್ದವು. ಆ ಐದಾರರಲ್ಲಿ ಒಂದು ಅವಳ ತಮ್ಮನದು. ಅವನು ಮನೆಯ ಮುಂಭಾಗದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ.

ಅದೇ ತಿಂಗಳು ಮೇಷ್ಟ್ರ ಮಗಳು ಕಚೇರಿಗೆ ಬಂದಳು. ಅವಳೂ ಅಪ್ಪನ ಶಾಸ್ತ್ರವನ್ನೇ ಓದಿ, ಅಪ್ಪನಿಗೆ ಎದುರು ನಿಂತವಳು. ಕಾಡಿನ ಮಾತೆಲ್ಲ ಉಳ್ಳವರ ತಪ್ಪಿಗೆ ಹೊದಿಸಿದ ಕಂಬಳಿ, ನಗರದಲ್ಲಿ ಯಾವ ಬೀದಿಯೂ ತಾನಾಗಿ ಬಾಡುವುದಿಲ್ಲ, ಪ್ರತಿಯೊಂದು ಬೀದಿಯ ಹಿಂದೆಯೂ ಒಂದು ಕೈ ಇರುತ್ತದೆ ಎಂದು ಬರೆದಿದ್ದಳು. ಇಬ್ಬರೂ ಒಂದೇ ಮನೆಯಲ್ಲಿದ್ದರು. ಈ ವಿಷಯ ಎತ್ತಿದರೆ ಮಾತು ಕೆಡುತ್ತದೆಂದು ಊಟದ ಮೇಜಿನಲ್ಲಿ ಹವೆಯ ಬಗ್ಗೆ ಮಾತಾಡುತ್ತಿದ್ದರಂತೆ. ತೆರವಿಗೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಿತ್ತು. ಅಲ್ಲಿ ಇಡಲು ಆ ಬೀದಿಯ ಹಳೆಯ ಹಾಳೆಗಳೇನಾದರೂ ಸಿಗಬಹುದೇ ಎಂದು ಅವಳು ನಕ್ಷೆ ಅಕ್ಕನನ್ನು ಕೇಳಿದಳು.

ನೆಲಮಾಳಿಗೆಯ ದಾಖಲೆಗಳನ್ನು ಆಗ ಕಂಪ್ಯೂಟರಿಗೆ ಏರಿಸಲೆಂದು ಹೊರತೆಗೆಯುತ್ತಿದ್ದರು. ನಕ್ಷೆ ಅಕ್ಕ ಮೂರು ದಿನ ಊಟದ ಬಿಡುವಿನಲ್ಲಿ ಇಳಿದುಹೋಗಿ ಹುಡುಕಿದಳು. ಮೂರನೆಯ ದಿನ, ತಗಡಿನ ಕೊಳವೆಯೊಂದರಲ್ಲಿ ಸುರುಳಿ ಸುತ್ತಿದ್ದ ನೀರಿನ ಕೊಳವೆಗಳ ನಕ್ಷೆ ಸಿಕ್ಕಿತು. ಬಣ್ಣಗಾರರ ಬೀದಿಗೆ ತಿರುಗುವ ದೊಡ್ಡ ಕೊಳವೆಯ ಬಾಯಲ್ಲಿ ಕೆಂಪು ಪೆನ್ಸಿಲಿನ ಅಡ್ಡಗೀಟು. ಪಕ್ಕದಲ್ಲಿ ಒಂದು ತಾರೀಕು. ಅದರ ಕೆಳಗೆ ಒಂದೇ ಪದ: ತಾತ್ಕಾಲಿಕ. ಹಿಂದಿನ ಪೇಟೆಯಿಂದ ಬರುವ ಸಣ್ಣ ಕೊಳವೆಯೊಂದನ್ನು ಮಾತ್ರ ಮುಟ್ಟಿರಲಿಲ್ಲ.

ಅವಳು ತಾರೀಕನ್ನು ಎರಡು ಸಲ ತಾಳೆ ನೋಡಿದಳು. ಅವಳಿಗೆ ಒಂಬತ್ತು ತುಂಬಿದ ವರ್ಷ.

ಹಾಳೆಯನ್ನು ಅವಳು ಕಚೇರಿಯಲ್ಲಿ ಯಾರಿಗೂ ತೋರಿಸದೆ ಚೀಲಕ್ಕೆ ಹಾಕಿಕೊಂಡಳು. ನೀರು ಸರಬರಾಜಿನ ಹಳಬರನ್ನು ವಿಚಾರಿಸಿದಾಗ, ಆ ಕಾಲದ ನೀರುಗಂಟಿ, ಅಂದರೆ ಬೀದಿಬೀದಿಗೆ ನೀರು ಬಿಟ್ಟು ನಿಲ್ಲಿಸುತ್ತಿದ್ದವನು, ಇನ್ನೂ ಬದುಕಿದ್ದಾನೆಂದು ತಿಳಿಯಿತು. ಒಂದು ಶನಿವಾರ ಮಧ್ಯಾಹ್ನ ಅವನ ಮಗನ ಮನೆ ಹುಡುಕಿಕೊಂಡು ಹೋದಳು. ಎಪ್ಪತ್ತೇಳರ ಮುದುಕ ವರಾಂಡದ ಬೆಂಚಿನ ಮೇಲೆ ಕೂತು ಮುರಿದ ಕೊಡೆಯ ಕಡ್ಡಿ ಕಟ್ಟುತ್ತಿದ್ದ. ಸೊಸೆ ಟೀ ತಂದಿಟ್ಟು ಒಳಗೆ ಹೋದಳು. ಹಾಳೆ ಬಿಡಿಸಿದಾಗ ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಗುರುತು ಹಿಡಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆರು ವಾರ ಅಂದಿದ್ರು ಅಮ್ಮ. ಆಸ್ಪತ್ರೆಗೆ ಹೊಸ ಕಟ್ಟಡ ಆಗಿತ್ತು, ಮೇಲಿನ ಮಹಡಿಗೆ ನೀರು ಏರ್ತಿರ್ಲಿಲ್ಲ. ಹೊಸ ಪಂಪು ಬರೋವರೆಗೆ ಇದೊಂದನ್ನ ಮುಚ್ಚು ಅಂದ್ರು ಇಂಜಿನಿಯರ್ ಸಾಹೇಬ್ರು. ಒಳ್ಳೆ ಮನುಷ್ಯ. ರೋಗಿಗಳಿಗೆ ನೀರು ಬೇಕಲ್ವಾ? ಮುಚ್ಚಿದೆ."

"ಆಮೇಲೆ?"

"ಆಮೇಲೆ ಪಂಪೂ ಬಂತು. ಅಷ್ಟರಲ್ಲಿ ಆ ಸಾಹೇಬ್ರಿಗೆ ವರ್ಗ ಆಗಿತ್ತು. ಹೊಸಬರಿಗೆ ಎರಡು ಸಲ ಹೇಳಿದೆ. ಬರವಣಿಗೇಲಿ ಎಲ್ಲಿದೆ ಅಂದ್ರು. ಬರವಣಿಗೇಲಿ ಏನೂ ಇರ್ಲಿಲ್ಲ, ಈ ಗೀಟು ಬಿಟ್ರೆ. ವಾಲ್ವು ತೆರೆಯೋ ಉದ್ದನೆ ಕೀಲಿ ನನ್ನ ಹೆಗಲ ಮೇಲೇ ಇರ್ತಿತ್ತು. ಆರ್ಡರ್ ಇರ್ಲಿಲ್ಲ."

ಬೇರೆ ಬೀದಿಯದೂ ಹೀಗೆ ಯಾವಾಗಲಾದರೂ ಮರೆತುಹೋಗಿತ್ತೇ ಎಂದು ಅವಳು ಕೇಳಿದಳು. ಮುದುಕ ಕೊಡೆಯನ್ನು ಪಕ್ಕಕ್ಕಿಟ್ಟು ಯೋಚಿಸಿದ. ಒಮ್ಮೆ ವಕೀಲರ ರಸ್ತೆಯ ನೀರು ಮುಚ್ಚಿದ್ದು ಮರೆತುಹೋಗಿತ್ತಂತೆ. ಎಷ್ಟು ದಿನ ಎಂದಳು.

"ಮಧ್ಯಾಹ್ನದೊಳಗೆ ನೆನಪು ಮಾಡಿದ್ರು," ಎಂದ ಅವನು. ಕೊಡೆಯನ್ನು ಮತ್ತೆ ಕೈಗೆ ತೆಗೆದುಕೊಂಡು, "ನೀವು ಆ ಬೀದಿಯವರಾ?" ಎಂದು ಕೇಳಿದ.

ಹೌದು ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳು ಹೊರಗಿನವರೊಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಮುದುಕ ಕ್ಷಮೆ ಕೇಳಲಿಲ್ಲ. ಅವಳು ಹೊರಟಾಗ ಗೇಟಿನವರೆಗೆ ಬಂದು, ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಬಿಸಿಲಲ್ಲೇ ನಿಂತಿದ್ದ.

ಅಲ್ಲಿಂದ ಅವಳು ನೇರ ತಮ್ಮನ ಮನೆಗೆ ಹೋದಳು. ಅವನು ಒಂದು ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನು ತಿರುಪುಳಿ ಕೆಳಗಿಡದೆ ಕೇಳಿಸಿಕೊಂಡು, ಯಾವ ವರ್ಷ ಎಂದು ಮಾತ್ರ ಕೇಳಿದ. ಹೇಳಿದಳು. ಅವನು ಮತ್ತೆ ಕೆಲಸಕ್ಕೆ ಬಗ್ಗಿದ. ತಲೆ ಎತ್ತದೆಯೇ ಮಾತಾಡಿದ.

"ಅಮ್ಮ ಸಾಯೋವರೆಗೂ ಅವನನ್ನ ಸೋಮಾರಿ ಅಂದ್ಲು. ನಾನೂ ಅಂದೆ ಅಕ್ಕ. ಮುಖಕ್ಕೆ ಹೇಳಿದ್ದೆ."

ಅವಳು ಅವನ ಮುಂದಿದ್ದ ತಿರುಪುಗಳ ಡಬ್ಬವನ್ನು ಸರಿಯಾಗಿ ಮುಚ್ಚಿಟ್ಟಳು.

ಸೋಮವಾರ ಅವಳು ಹಾಳೆಯ ವಿಷಯವನ್ನು ಮೇಷ್ಟ್ರ ಮಗಳಿಗೆ ತಿಳಿಸಿದಳು. ಮಗಳ ಕಣ್ಣು ಅರಳಿತು. ಇಷ್ಟು ವರ್ಷ ತಾನು ಹುಡುಕುತ್ತಿದ್ದ ಕೈ ಸಿಕ್ಕಿತೆಂದಳು. ಬಡವರ ಬೀದಿಯನ್ನು ಒಣಗಿಸಿ ಓಡಿಸಲು ನಲವತ್ತೆರಡು ವರ್ಷದ ಹಿಂದೆಯೇ ಹೂಡಿದ ಸಂಚು ಇದು ಎಂದು ಬರೆಯುತ್ತೇನೆಂದಳು. ನಕ್ಷೆ ಅಕ್ಕ ಬೇಡವೆಂದಳು. ಅಲ್ಲಿ ಸಂಚು ಇರಲಿಲ್ಲ, ಆಸ್ಪತ್ರೆಗೆ ನೀರು ಬೇಕಾಗಿತ್ತು, ಆಮೇಲೆ ಮರೆತರು. ಸಂಚು ಇಲ್ಲ ಎಂದರೆ ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಮಗಳು ವಾದಿಸಿದಳು. ಅಪ್ಪನ ಕಾಡಿನಲ್ಲಿ ಯಾರೂ ತಪ್ಪಿತಸ್ಥರಲ್ಲ. ನೀವೂ ಅದನ್ನೇ ಹೇಳುತ್ತಿದ್ದೀರಿ ಎಂದಳು.

"ನಾನು ಹಾಗೆ ಹೇಳ್ತಿಲ್ಲಮ್ಮ," ಎಂದಳು ನಕ್ಷೆ ಅಕ್ಕ. "ವಕೀಲರ ರಸ್ತೆ ನೀರು ಅರ್ಧ ದಿನದಲ್ಲಿ ನೆನಪಾಯ್ತು. ನಮ್ಮದು ನೆನಪಾಗ್ಲೇ ಇಲ್ಲ. ಯಾರನ್ನ ಮರೆತ್ರೂ ನಡಿಯತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಅದನ್ನ ಬರಿ. ಇಲ್ಲದ ಸಂಚು ಬರೆದ್ರೆ, ಅದು ಸುಳ್ಳು ಅಂತ ತೋರಿಸಿ ಇಡೀ ಹಾಳೇನೇ ಪಕ್ಕಕ್ಕೆ ಎಸೀತಾರೆ."

ಮಗಳು ಬೇಗ ಒಪ್ಪಲಿಲ್ಲ. ನಮ್ಮದು ಎಂದಿರಲ್ಲ ಎಂದು ಮಾತ್ರ ಕೇಳಿದಳು. ನಕ್ಷೆ ಅಕ್ಕ ಆ ಬೀದಿಯವಳೆಂದು ಅವಳಿಗೂ ಅಂದೇ ತಿಳಿದದ್ದು. ಮೇಷ್ಟ್ರಿಗೆ ಹಾಳೆಯನ್ನು ಮೊದಲು ತಾನೇ ತೋರಿಸಬೇಕು, ಸಭೆಯಲ್ಲಿ ಎಲ್ಲರೆದುರು ಅವರ ಕಣ್ಣಿಗೆ ಬೀಳಬಾರದು ಎಂದು ನಕ್ಷೆ ಅಕ್ಕ ಕೇಳಿಕೊಂಡಳು. ಅದಕ್ಕೆ ಮಗಳು ತಲೆಯಾಡಿಸಿದಳು.

ಮೇಷ್ಟ್ರಿಗೆ ಆಗ ಎಪ್ಪತ್ತೊಂಬತ್ತು. ಮಂಡಿ ನೋವಿನಿಂದ ಮನೆ ಬಿಟ್ಟು ಹೊರಡುವುದು ಕಡಿಮೆಯಾಗಿತ್ತು. ಅವರ ಓದುಕೋಣೆಯ ಗೋಡೆಯಲ್ಲಿ ಪುಸ್ತಕಗಳು ಬಿಟ್ಟರೆ ಚೌಕಟ್ಟು ಹಾಕಿಸಿದ ಅವಳ ನಕ್ಷೆ ಮಾತ್ರ ಇತ್ತು. ಅವಳು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಸುರುಳಿಯಾಗದಂತೆ ನಾಲ್ಕು ಮೂಲೆಗೂ ಪುಸ್ತಕ ಇಟ್ಟಳು. ನೀರುಗಂಟಿ ಹೇಳಿದ್ದನ್ನು ಒಂದು ಪದ ಕೂಡಿಸದೆ, ಒಂದು ಪದ ಕಳೆಯದೆ ಹೇಳಿದಳು. ಅವರು ಭೂತಗನ್ನಡಿ ತೆಗೆದುಕೊಂಡು ಕೆಂಪು ಗೀಟನ್ನು ನೋಡಿದರು, ತಾರೀಕನ್ನು ನೋಡಿದರು, ಮತ್ತೆ ಗೀಟನ್ನು ನೋಡಿದರು.

ಆ ಬೀದಿಯ ಅಧ್ಯಯನಕ್ಕೆ ತಾವು ಮೂರು ವರ್ಷ ಕೊಟ್ಟಿದ್ದಾಗಿ ಹೇಳಿದರು. ಮನೆ ಎಣಿಸಿದ್ದರು, ಕಸುಬು ಬರೆದುಕೊಂಡಿದ್ದರು, ಯಾರು ಹೋದರು ಯಾರು ಬಂದರು ಎಲ್ಲವನ್ನೂ. ನೀರು ಕಡಿಮೆ ಎಂದು ಜನ ಹೇಳಿದ್ದೂ ಅವರ ಟಿಪ್ಪಣಿಯಲ್ಲಿತ್ತು. ಬಾಡುವ ಗಿಡಕ್ಕೆ ಎಲೆ ಉದುರುವ ಹಾಗೆ ಅದೂ ಒಂದು ಲಕ್ಷಣ ಎಂದುಕೊಂಡಿದ್ದರು. ಕಾರಣವಿರಬಹುದೆಂದು ಹೊಳೆಯಲೇ ಇಲ್ಲ. ಇಷ್ಟು ಹೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಹುಟ್ಟೂರಲ್ಲಿ ಒಂದು ಪಟ್ಟಿ ಮಾಡಿದ್ರು," ಎಂದರು. "ಹೊಸ ಸಮಾಜ ಕಟ್ತೀವಿ ಅಂತ ಹೊರಟವರು. ಯಾವ ಬೀದಿಯಲ್ಲಿ ಯಾರು ಇರಬೇಕು, ಯಾರು ಇರಬಾರದು ಅಂತ ಕೂತು ಬರೆದ್ರು. ನಮ್ಮಪ್ಪ ಒಂದು ಸಣ್ಣ ಅಂಗಡಿ ಇಟ್ಟಿದ್ದ. ಅವನ ಹೆಸರು ಇರಬಾರದವರಲ್ಲಿತ್ತು. ಕರ್ಕೊಂಡು ಹೋದವರು ವಾಪಸು ಕಳಿಸಲಿಲ್ಲ. ನನಗೆ ಆಗ ಹದಿಮೂರು. ಆಮೇಲೆ ಕಾಡಿಗೆ ಓದಕ್ಕೆ ಹೋದೆ. ಅಲ್ಲಿ ಯಾರೂ ಪಟ್ಟಿ ಮಾಡ್ತಿರ್ಲಿಲ್ಲ. ಎಷ್ಟೋ ಸಾಯ್ತಿತ್ತು, ಯಾರೂ ಕೊಲ್ತಿರ್ಲಿಲ್ಲ. ನಗರವೂ ಹೀಗೇ ಇರ್ಬೇಕು ಅಂತ ನನಗೆ ಬೇಕಾಗಿತ್ತು. ಇದೆ ಅಂತ ಬರೆದೆ."

ಮಗಳಿಗೆ ಇದು ಗೊತ್ತೇ ಎಂದು ಅವಳು ಕೇಳಿದಳು. ಅಜ್ಜ ತೀರಿಹೋದದ್ದು ಗೊತ್ತು, ಹೇಗೆಂದು ಹೇಳಿಲ್ಲ ಎಂದರು. ಆಗ ಅವಳು ತನ್ನ ಮಾತನ್ನು ಹೇಳಿದಳು: ಹುಟ್ಟಿದ ಮನೆ, ಬಾನಿ, ಕೈಗಾಡಿ, ಬಾಗಿಲ ಬಳಿ ಕೂತ ಅಪ್ಪ. ಮೇಷ್ಟ್ರು ಗೋಡೆಯ ನಕ್ಷೆಯತ್ತ ಒಮ್ಮೆ ನೋಡಿ ಕಣ್ಣು ಹೊರಳಿಸಿದರು.

"ಇಪ್ಪತ್ತಾರು ವರ್ಷ, ಯಾಕಮ್ಮ ಹೇಳಲಿಲ್ಲ?"

"ನೀವು ಕೇಳಲಿಲ್ಲ ಸರ್." ತಡೆದು ಮುಂದುವರಿಸಿದಳು. "ಕೇಳಿದ್ರೂ ಹೇಳ್ತಿದ್ನೋ ಇಲ್ವೋ. ಯಾರ ತಪ್ಪೂ ಅಲ್ಲ ಅನ್ನೋದು ನನಗೂ ಬೇಕಾಗಿತ್ತು."

ಅಹವಾಲು ಸಭೆಗೆ ನೂರೈವತ್ತು ಜನ ಸೇರಿದ್ದರು. ಕುರ್ಚಿ ಸಾಲದೆ ಗುಜರಿಯವರು ಗೋಡೆಗೆ ಒರಗಿ ನಿಂತಿದ್ದರು. ನಿರ್ದೇಶಕರು ಮೇಷ್ಟ್ರನ್ನು ಗೌರವದಿಂದ ಮುಂದೆ ಕೂರಿಸಿ, ತೆರವಿನ ಶಾಸ್ತ್ರೀಯ ಆಧಾರವನ್ನು ಅವರೇ ವಿವರಿಸುವರೆಂದು ಪರಿಚಯಿಸಿದರು. ಮೇಷ್ಟ್ರು ಮೇಜಿಗೆ ಕೈ ಊರಿ ಎದ್ದರು. ಎಣಿಕೆಯೆಲ್ಲ ಸರಿಯಾಗಿತ್ತು, ಎಣಿಕೆಯಿಂದ ತೆಗೆದ ತೀರ್ಮಾನ ತಪ್ಪಾಗಿತ್ತು ಎಂದರು. ಬೀದಿ ಬಾಡಿದ್ದನ್ನು ನೋಡಿದ್ದೆ, ಬೇರಿನ ಬಳಿ ಅಗೆದು ನೋಡಿರಲಿಲ್ಲ ಎಂದರು. ನೀರು ಮುಚ್ಚಿದ ಹಾಳೆಯನ್ನು ತೋರಿಸಿ ನಡೆದದ್ದನ್ನು ತಿಳಿಸಿದರು. ಈ ಬೀದಿ ತಾನಾಗಿ ಮುಗಿಯಿತು ಎಂದು ನನ್ನ ಪುಸ್ತಕದ ಬಲದ ಮೇಲೆ ಯಾರೂ ಇನ್ನು ಹೇಳಕೂಡದು ಎಂದು ಕೂತರು. ಮಗಳು ಮೂರನೆಯ ಸಾಲಿನಲ್ಲಿದ್ದಳು. ಅವಳು ತಂದಿದ್ದ ಭಾಷಣದ ಕಾಗದಗಳನ್ನು ಓದದೆ, ತಾನು ಹುಡುಕಿ ತೆಗೆದಿದ್ದ ಆಸ್ಪತ್ರೆಯ ಪಂಪು ಬಂದ ತಾರೀಕನ್ನೂ ಬೀದಿಯವರು ಕೊಟ್ಟ ಒಂಬತ್ತು ಅರ್ಜಿಗಳ ತಾರೀಕನ್ನೂ ಮಾತ್ರ ಓದಿ ಹೇಳಿದಳು.

ನಿರ್ದೇಶಕರು ಇಬ್ಬರಿಗೂ ವಂದನೆ ಹೇಳಿದರು. ಕಾರಣ ಏನೇ ಇರಲಿ, ಇವತ್ತಿನ ಸ್ಥಿತಿ ಇವತ್ತಿನದು. ಕಟ್ಟಡಗಳು ಬೀಳುವ ಹಾಗಿವೆ, ಅಗಲದ ರಸ್ತೆ ಊರಿಗೆಲ್ಲ ಬೇಕು ಎಂದರು. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಗುಜರಿ ಅಂಗಡಿಯ ಹೆಂಗಸೊಬ್ಬಳು ಎದ್ದು, ನಾನು ಬಣ್ಣದವಳಲ್ಲ, ಹೊರಗಿನಿಂದ ಬಂದು ಹದಿನೇಳು ವರ್ಷವಾಯಿತು, ನಾನೂ ಬೆಳಗ್ಗೆ ಅದೇ ಒಂದು ಗಂಟೆಯ ನೀರು ಹಿಡಿಯುತ್ತೇನೆ, ನನ್ನಂಥವರನ್ನು ಪುಸ್ತಕದಲ್ಲಿ ನುಗ್ಗಿದವರು ಅಂತ ಬರೆದಿದ್ದಾರಂತೆ, ನಾನು ಬಾಡಿಗೆ ಮಾತಾಡಿಕೊಂಡೇ ಬಂದೆ ಎಂದಳು. ಸಭೆಯಲ್ಲಿ ನಗು ಎದ್ದಿತು. ಮೇಷ್ಟ್ರು ನಗಲಿಲ್ಲ. ಅವಳ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

ಎರಡು ತಿಂಗಳ ಮೇಲೆ ತೀರ್ಮಾನ ಬಂತು. ಬೀದಿಯ ಮೇಲಿನ ಅರ್ಧ ರಸ್ತೆಗೆ ಹೋಗುವುದು, ಕೆಳಗಿನ ಅರ್ಧ ಉಳಿಯುವುದು, ಉಳಿದ ಮನೆಗಳಿಗೆ ದೊಡ್ಡ ಕೊಳವೆಯಿಂದ ನೀರು ಕೊಡುವುದು. ತಮ್ಮನ ಮನೆ ಮೇಲಿನ ಅರ್ಧದಲ್ಲಿತ್ತು. ನಕ್ಷೆ ಅಕ್ಕ ರಸ್ತೆಯ ಅಂಚಿನ ಗೆರೆ ಎಳೆಯುವಾಗ ಅದು ಅವನ ಮನೆಯ ನಡುಕೋಣೆಯಲ್ಲಿ ಹಾದುಹೋಯಿತು. ಆ ಹಾಳೆಯನ್ನು ಮುಗಿಸಿ ಹೋಗಿ ಮುಖ ತೊಳೆದುಕೊಂಡು ಬಂದಳು. ದಾಖಲೆಯ ಹಾಳೆಯನ್ನು ಅನುಮತಿಯಿಲ್ಲದೆ ಹೊರಗೆ ಒಯ್ದದ್ದಕ್ಕೆ ಅವಳಿಗೆ ಮೆಮೊ ಕೊಟ್ಟು, ಮನೆ ನಂಬರು ಹಾಕುವ ವಿಭಾಗಕ್ಕೆ ವರ್ಗ ಮಾಡಿದರು. ಮೂರನೆಯ ಮಹಡಿಯ ಗುಮಾಸ್ತರು ಬೀಳ್ಕೊಡುಗೆಗೆ ಒಂದು ಪೆನ್ನು ಕೊಟ್ಟರು, ಹಳೆಯ ಹಾಸ್ಯವನ್ನು ಯಾರೂ ಆಡಲಿಲ್ಲ.

ಕೆಳಗಿನ ಅರ್ಧಕ್ಕೆ ನೀರು ಬಂದದ್ದು ಒಂದೂವರೆ ವರ್ಷದ ಮೇಲೆ. ನೀರು ಬಂತು, ಬಣ್ಣಗಾರರು ಬರಲಿಲ್ಲ. ಅವರ ಮಕ್ಕಳು ಬೇರೆ ಬೇರೆ ಕಡೆ ಬೇರೆ ಬೇರೆ ಕೆಲಸ ಹಿಡಿದಾಗಿತ್ತು. ಗುಜರಿಯ ಹೆಂಗಸು ಅಂಗಡಿಯ ಹಿಂದೆ ಬಟ್ಟೆ ಒಗೆದುಕೊಡುವ ಕೆಲಸ ಶುರುಮಾಡಿದಳು.

ಅಷ್ಟರಲ್ಲಿ ಮೇಷ್ಟ್ರು ಪುಸ್ತಕದ ಎಂಟನೆಯ ಮುದ್ರಣಕ್ಕೆ ಹೊಸ ಮುನ್ನುಡಿ ಬರೆಯಲು ಕೂತಿದ್ದರು. ಮಗಳಿಗೆ ಹೇಳಿ ಬರೆಸುತ್ತಿದ್ದರು. ಅಪ್ಪನಿಂದ ಅಜ್ಜನ ಕತೆಯನ್ನು ಅವಳು ಕೇಳಿದ್ದೂ ಆಗಲೇ. ಇಬ್ಬರ ನಡುವೆ ವಾದ ನಿಲ್ಲಲಿಲ್ಲ, ಆದರೆ ವಾದ ಈಗ ಊಟದ ಮೇಜಿನಲ್ಲೇ ನಡೆಯುತ್ತಿತ್ತು. ಮುನ್ನುಡಿ ಅರ್ಧಕ್ಕೆ ನಿಂತಿರುವಾಗ, ಚಳಿಗಾಲದ ಒಂದು ಬೆಳಗ್ಗೆ ಮೇಷ್ಟ್ರು ಹಾಸಿಗೆಯಿಂದ ಏಳಲಿಲ್ಲ.

ಉಳಿದದ್ದನ್ನು ಮುಗಿಸಲು ಮಗಳು ನಕ್ಷೆ ಅಕ್ಕನನ್ನು ಕರೆದಳು. ಇಬ್ಬರೂ ಹಲವು ಭಾನುವಾರ ಆ ಓದುಕೋಣೆಯಲ್ಲಿ ಕೂತರು. ಕೆಲಸ ಒಂದು ವಾಕ್ಯದ ಬಳಿ ಸಿಕ್ಕಿಕೊಂಡಿತು. ಮೇಷ್ಟ್ರ ಹಳೆಯ ಪುಟದಲ್ಲಿ, ಬೀದಿಗೆ ನೀರು ಬತ್ತಿತು ಎಂದಿತ್ತು. ಮಗಳು ಅದನ್ನು ಹೊಡೆದುಹಾಕಿ, ಬೀದಿಯ ನೀರನ್ನು ಬತ್ತಿಸಿದರು ಎಂದು ಬರೆದಳು. ಬತ್ತಿಸಿದರು ಎಂದರೆ ಬೇಕೆಂದು ಮಾಡಿದರು ಎಂದಾಗುತ್ತದೆ ಎಂದಳು ನಕ್ಷೆ ಅಕ್ಕ. ನಿಲ್ಲಿಸಲಾಯಿತು ಎಂದು ಬರೆದು ನೋಡಿದರು. ಅದು ಕಚೇರಿಯ ಭಾಷೆ, ಅದರಲ್ಲಿ ಯಾರೂ ಇಲ್ಲ ಎಂದು ಇಬ್ಬರಿಗೂ ಅನಿಸಿತು. ಎರಡು ಭಾನುವಾರ ಹೀಗೇ ಕಳೆಯಿತು. ಕೊನೆಗೆ ನಕ್ಷೆ ಅಕ್ಕ ಹೇಳಿದ್ದನ್ನು ಮಗಳು ಬರೆದುಕೊಂಡಳು: ಆರು ವಾರಕ್ಕೆಂದು ಮುಚ್ಚಿದರು, ಬೀದಿಯವರು ಒಂಬತ್ತು ಸಲ ಕೇಳಿದರು, ತೆರೆಯಲಿಲ್ಲ. ಮಗಳು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಅಪ್ಪ ಇದಕ್ಕೆ ಏನಾದರೂ ತಕರಾರು ತೆಗೆಯುತ್ತಿದ್ದರು ಎಂದಳು. ತೆಗೆಯುತ್ತಿದ್ದರು ಎಂದು ನಕ್ಷೆ ಅಕ್ಕನೂ ಒಪ್ಪಿದಳು. ವಾಕ್ಯ ಹಾಗೇ ಉಳಿಯಿತು.

ಪುಸ್ತಕ ಅಚ್ಚಾದ ಮೇಲೆ ಅವಳು ಒಂದು ಪ್ರತಿಯನ್ನು ತಮ್ಮನಿಗೆ ಕೊಂಡೊಯ್ದಳು. ಅವನಿಗೆ ಊರಿನ ಅಂಚಿನಲ್ಲಿ ಐದನೆಯ ಮಹಡಿಯ ಎರಡು ಕೋಣೆ ಸಿಕ್ಕಿತ್ತು. ಯಂತ್ರಗಳನ್ನು ಪಡಸಾಲೆಯ ಗೋಡೆಗೆ ಸಾಲಾಗಿ ಇಟ್ಟಿದ್ದ. ಮೆಟ್ಟಿಲೇರಿ ಇಲ್ಲಿಯವರೆಗೆ ಯಂತ್ರ ಹೊತ್ತು ತರುವ ಗಿರಾಕಿಗಳು ಕಡಿಮೆ ಎಂದ. ಅವನು ಕೈ ಒರೆಸಿಕೊಂಡು ಪುಸ್ತಕ ತೆರೆದು, ಅವಳು ತೋರಿಸಿದ ಪುಟವನ್ನು ನಿಧಾನವಾಗಿ ಓದಿದ.

"ಅಪ್ಪನ ಹೆಸರಿಲ್ಲ," ಎಂದ.

"ಯಾರ ಹೆಸರೂ ಹಾಕಿಲ್ಲ ಕಣೋ."

ಅವನು ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಪುಸ್ತಕವನ್ನು ಎಣ್ಣೆ ತಾಗದಂತೆ ಮೇಲಿನ ಗೂಡಿನಲ್ಲಿಟ್ಟ. ಆಮೇಲೆ ಅವಳಿಗೆ ಕೂರಲು ಸ್ಟೂಲು ಎಳೆದು ಕೊಟ್ಟು, ಊಟ ಮಾಡಿಕೊಂಡೇ ಹೋಗಬೇಕೆಂದು ಹೇಳಿ, ಅಡುಗೆಕೋಣೆಯಲ್ಲಿದ್ದ ಹೆಂಡತಿಗೆ ಅಕ್ಕ ಬಂದಿದ್ದಾಳೆಂದು ಕೂಗಿ ತಿಳಿಸಿದ.